ಬಾಲ್ಕನಿಯಿಂದ ಕಾಣುವ ಆನೆ

"ನೋಡ್ಕೊಳ್ಳಿ ಸಾರ್, ಸರಿಯಾಗಿ ನೋಡ್ಕೊಳ್ಳಿ. ಇವತ್ತಿನ ಮಟ್ಟಿಗೆ ನಿಮಗೆ ಕಾಣೋ ಕಾಡುಪ್ರಾಣಿ ಇದೇ!"

ಮ್ಯಾನೇಜರ್ ನನ್ನ ಕತ್ತಿನ ಹಿಂದೆ ಕೈ ಹಾಕಿ, ಮುಖವನ್ನು ಊಟದ ಹಾಲಿನ ಕಡೆ ತಿರುಗಿಸಿ ಹಿಡಿದಿದ್ದ. ನನ್ನ ಎರಡು ಕೈಯಲ್ಲೂ ತೊಳೆದ ಕಪ್ಪುಗಳ ತಟ್ಟೆ. ಕೊಡವಿಕೊಂಡರೆ ಕಪ್ಪು ಒಡೆಯುತ್ತದೆ. ಏಳು ಟೇಬಲ್ಲುಗಳೂ ತುಂಬಿದ್ದವು. ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಕಿಟಕಿ ಪಕ್ಕದ ಟೇಬಲ್ಲಿನ ಹುಡುಗಿ ಫೋನೆತ್ತಿ ನನ್ನ ಫೋಟೋ ತೆಗೆದಳು. ಅವಳಪ್ಪ "ಬೇಡ ಪುಟ್ಟಿ" ಅಂದ. ಅವನ ಬಾಯಲ್ಲಿ ಬ್ರೆಡ್ಡೂ ನಗುವೂ ಒಟ್ಟಿಗೇ ಇದ್ದವು.

"ಹುಟ್ಟಿದ್ದೇ ಕಾಡಲ್ಲಿ ಸಾರ್ ಇವ್ನು. ಇವ್ನ ಜನ ಪೂರ್ತಿ ಅಲ್ಲೇ ಇದ್ರು. ಹೊರಗೆ ತಂದು, ಚಡ್ಡಿ ಹಾಕ್ಸಿ, ಮಾತು ಕಲ್ಸಿದೀವಿ. ಬಾಲ ಒಂದು ಉದುರೋದು ಬಾಕಿ."

ಇನ್ನೊಂದು ಸುತ್ತು ನಗು. ಮೂಲೆಯ ಟೇಬಲ್ಲಿನಲ್ಲಿ ಕಾಡಿನ ಇಲಾಖೆಯ ಸಾಹೇಬ ಮೊಟ್ಟೆ ಸುಲಿಯುತ್ತಿದ್ದ. ಅವನು ನಗಲಿಲ್ಲ. ಮೊಟ್ಟೆಯ ಸಿಪ್ಪೆ ಒಂದೇ ಉದ್ದಕ್ಕೆ ಬರಲೆಂದು ಅವನ ಗಮನವೆಲ್ಲ ಅದರ ಮೇಲೇ ಇತ್ತು.

ಇಷ್ಟಕ್ಕೆಲ್ಲ ಕಾರಣ ಆ ಹುಡುಗಿಯ ಅಪ್ಪನ ದೂರು. "ಮೂರು ಜಾಗ ನೋಡಿದ್ವಿ ರೀ ನಾವು. ನದಿ ಆಚೆ ಒಂದು, ಟೆಂಟಿಂದು ಒಂದು, ನಿಮ್ದು ಒಂದು. ಬಾಲ್ಕನೀಲಿ ಕೂತ್ಕೊಂಡೇ ಆನೆ ಕಾಣುತ್ತೆ ಅಂತ ನಿಮ್ದು ಆರಿಸ್ಕೊಂಡ್ವಿ. ಎರಡು ದಿನದಿಂದ ಬಾಲ್ಕನಿಗೆ ಬಂದಿದ್ದು ಒಂದು ಕಾಗೆ. ತಿಂಡಿ ಆದ್ಮೇಲೆ ಖಾಲಿ ಮಾಡ್ತೀವಿ." ಅವರ ಸೂಟ್‌ಕೇಸು ಆಗಲೇ ಮೆಟ್ಟಿಲ ಬುಡಕ್ಕೆ ಬಂದು ನಿಂತಿತ್ತು.

ಕತ್ತು ಬಿಟ್ಟ ಮೇಲೆ ಮ್ಯಾನೇಜರ್ ನನ್ನನ್ನು ಅಡುಗೆಮನೆಗೆ ತಳ್ಳಿಕೊಂಡು ಹೋದ. ಅಲ್ಲಿ ಅವನ ದನಿ ಬೇರೆ.

"ಉಪ್ಪು ಹಾಕಿದ್ಯೇನೋ?"

ನಾನು ಕಪ್ಪುಗಳನ್ನು ಬೋರಲು ಹಾಕುತ್ತಿದ್ದೆ.

"ನಿನ್ನೇ ಕೇಳಿದ್ದು, ಬೋಳಿಮಗನೆ. ಉಪ್ಪು ಹಾಕಿದ್ಯಾ?"

"ಇಲ್ಲ."

"ಎಷ್ಟು ದಿನದಿಂದ?"

"ಅವತ್ತಿಂದ."

ಅವನಿಗೆ ಯಾವತ್ತು ಅಂತ ಹೇಳಬೇಕಾಗಿರಲಿಲ್ಲ. "ಇವತ್ತು ಸಂಜೆ ಹಾಕು. ದುಃಖ ಪಡೋದಿದ್ರೆ ರಜಾ ದಿನ ಪಡು" ಅಂದು, ಮುಖದ ಮೇಲೆ ನಗು ಹಚ್ಚಿಕೊಂಡು ಹಾಲಿಗೆ ಹೋದ.

*

ದಿನಾ ಹತ್ತು ಗಂಟೆಯ ಬಸ್ಸಿಗೆ ಸ್ಟಾಪಿನಲ್ಲಿ ನಿಲ್ಲುವುದು ನನ್ನ ಕೆಲಸ. ಇಳಿದವರು ಮೊದಲು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಆಮೇಲೆ ಫೋನು ನೋಡುತ್ತಾರೆ. ಸಿಗ್ನಲ್ ಇರುವುದಿಲ್ಲ. ಆಮೇಲೆ ನನ್ನನ್ನು ನೋಡುತ್ತಾರೆ. "ಎಲ್ಲಿ ಉಳ್ಕೊಂಡ್ರೆ ಒಳ್ಳೇದಪ್ಪ?" ಎಲ್ಲರದೂ ಇದೇ ಮಾತು. ನಾನು ಲಾಡ್ಜಿನ ಕಡೆ ಕೈ ತೋರಿಸುತ್ತೇನೆ. ಬಾಲ್ಕನಿ, ಕೊಳ, ಕುರ್ಚಿ, ಆನೆ.

ಕೆಲವರು ರಸ್ತೆಯ ಆ ಕಡೆ ಹಸಿರು ಗೋಡೆಯ ಮೇಲೆ 'ರೂಮು ಇದೆ' ಅಂತ ಬರೆದಿರುವುದನ್ನು ನೋಡಿ, "ಅದು ಹೇಗೆ?" ಅನ್ನುತ್ತಿದ್ದರು.

"ಅಲ್ಲಿ ನೀರಿಲ್ಲ ಸಾರ್. ಹೆಂಗಸ್ರು ಮಕ್ಕಳು ಇದಾರೆ, ನಿಮ್ಮಿಷ್ಟ."

ನೀರಿತ್ತು. ಚಿಕ್ಕಮ್ಮ ಬೋರಿನಿಂದ ಕೊಡದಲ್ಲಿ ಹೊತ್ತು ತಂದು ಡ್ರಮ್ಮು ತುಂಬಿಸಿ, ಮೇಲೆ ಬಿಳಿ ಬಟ್ಟೆ ಕಟ್ಟುತ್ತಿದ್ದಳು. ಆ ಗೋಡೆಯ ಮೇಲಿನ ಅಕ್ಷರ ನಾನೇ ಬರೆದದ್ದು. ನಮ್ಮವ್ವ ಸತ್ತಾಗ ನನಗೆ ಮೂರು ವರ್ಷ. ಅಲ್ಲಿಂದ ಸಾಕಿದವಳು ಚಿಕ್ಕಮ್ಮ. ಕಾಡಿನಿಂದ ನಮ್ಮನ್ನೆಲ್ಲ ಎಬ್ಬಿಸಿ ರಸ್ತೆ ಪಕ್ಕ ಸಾಲುಮನೆ ಕಟ್ಟಿಕೊಟ್ಟಾಗ, ತುದಿಯ ಮನೆ ಅವಳ ಪಾಲಿಗೆ ಬಂತು. ಅದರಲ್ಲಿದ್ದುದು ಎರಡು ಕೋಣೆ. ಒಂದನ್ನು ಬಂದವರಿಗೆ ಅಂತ ಬಿಟ್ಟು, ಇನ್ನೊಂದರಲ್ಲಿ ಮೂರು ಜನ ಮಲಗುತ್ತಿದ್ದೆವು. ಬಂದವರ ಕೋಣೆಗೆ ಮಾತ್ರ ಹಸಿರು ಬಣ್ಣ. ಯಾರೂ ಬರದ ದಿನವೂ ಚಿಕ್ಕಪ್ಪ ಸಂಜೆ ಹಾಸಿಗೆಯ ಮೇಲಿನ ದುಪ್ಪಟಿ ಕೊಡವಿ ಹಾಸುತ್ತಿದ್ದ.

"ನಿನ್ ಲಾಡ್ಜಲ್ಲಿ ಜಾಗ ಇಲ್ದೆ ಹೋದ್ರೆ ನಮ್ಮ ಕಡೆ ಕಳ್ಸೋ ಮಗ" ಅನ್ನುತ್ತಿದ್ದಳು ಚಿಕ್ಕಮ್ಮ.

"ಕಳಿಸ್ತೀನಿ ಬಿಡು" ಅನ್ನುತ್ತಿದ್ದೆ.

ಉಪ್ಪಿನ ಉಪಾಯ ಮ್ಯಾನೇಜರನದಲ್ಲ. ನನ್ನದು. ಕೆಲಸ ಕೇಳಲು ಹೋದಾಗ ಅವನು, "ನಿನ್ಗೇನು ಗೊತ್ತೋ? ಐದನೇ ಕ್ಲಾಸಿಗೆ ಬಿಟ್ಟಿದ್ದೀಯ" ಅಂದ. ಅವಮಾನ ತಡೆಯಲಾಗದೆ, ಆನೆ ಕರೆಸೋದು ಗೊತ್ತು ಅಂದುಬಿಟ್ಟೆ. ನಾನು ಚಿಕ್ಕವನಿದ್ದಾಗ ತಾತ ಕಾಡಿನೊಳಗೆ ಒಂದು ಜಾಗ ತೋರಿಸಿದ್ದ. ಮಣ್ಣೇ ಉಪ್ಪು. ಆನೆಗಳು ಕಾಲಲ್ಲಿ ಕೆರೆದು, ಸೊಂಡಿಲಿನಿಂದ ಎತ್ತಿ ತಿನ್ನುತ್ತಿದ್ದವು. "ಈ ಜಾಗದ ಹತ್ರ ಯಾರೂ ಗುಡಿಸಲು ಹಾಕ್ಬಾರ್ದು. ಇದು ಅವರ ಮನೆ ಅಡುಗೆಕೋಣೆ" ಅಂದಿದ್ದ. ಅದನ್ನು ನಾನು ಲಾಡ್ಜಿನ ಕೊಳಕ್ಕೆ ಮಾರಿದೆ.

ದಿನಾ ಸಂಜೆ ಕಲ್ಲುಪ್ಪಿನ ಹೆಂಟೆ ಒಡೆದು, ಕೆಸರಿನಲ್ಲಿ ಕಲಸಿ, ಕೊಳದ ದಡದ ಮೋಟುಮರಕ್ಕೆ ಮೆತ್ತಬೇಕು. ಮೇಲೆ ಒಣ ಎಲೆ ಉದುರಿಸಬೇಕು. "ಕಾಣಿಸ್ಬಾರ್ದು ಕಣೋ. ಜನಕ್ಕೆ ಕಾಡು ಅಂದ್ರೆ ಕಾಡಿನ ಥರಾನೇ ಇರ್ಬೇಕು" ಅನ್ನುತ್ತಿದ್ದ ಮ್ಯಾನೇಜರ್. ನಾಲ್ಕನೇ ದಿನಕ್ಕೇ ಆನೆ ಬಂತು. ಜನ ಬಂದರು. ಲಾಡ್ಜಿಗೆ ಇನ್ನೂ ಎಂಟು ಬಾಲ್ಕನಿ ಬಂತು, ಸುತ್ತ ಕರೆಂಟಿನ ಬೇಲಿ ಬಂತು. ಬೇಲಿಯ ಕಂಬಕ್ಕೆ ಗುಂಡಿ ತೋಡಿದವರಲ್ಲಿ ನಾನೂ ಒಬ್ಬ. ಗುಡ್ಡದಿಂದ ಕೊಳಕ್ಕೆ ಇಳಿಯುವ ಆನೆಗಳ ಹಳೇ ದಾರಿಗೆ ಆ ಬೇಲಿ ಅಡ್ಡ ಬಿತ್ತು. ಉಳಿದದ್ದು ಒಂದೇ ಸಂದು. ಸಾಲುಮನೆಯ ತುದಿಯಲ್ಲಿ, ಚಿಕ್ಕಮ್ಮನ ಹಸಿರು ಗೋಡೆಗೆ ಒತ್ತಿಕೊಂಡು.

ನನಗೆ ಕಾಣಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಂಡಿತ್ತು. ದೊಡ್ಡ ಜೀವ, ಹೇಗೋ ದಾರಿ ಮಾಡಿಕೊಳ್ಳುತ್ತದೆ ಅಂದುಕೊಂಡೆ.

ಮಾಡಿಕೊಂಡಿತು.

ಅವತ್ತು ಲಾಡ್ಜು ಪೂರ್ತಿ ತುಂಬಿತ್ತು. ಮ್ಯಾನೇಜರ್ ಎರಡರಷ್ಟು ಉಪ್ಪು ಹಾಕಿಸಿದ್ದ. ಇನ್ನೂ ಬೆಳಕಿತ್ತು. ಬಾಲ್ಕನಿಗಳಲ್ಲಿ ಜನ ಕುರ್ಚಿ ಎಳೆದುಕೊಂಡು ಕೂತಿದ್ದರು, ಮಕ್ಕಳಿಗೆ "ಶ್" ಅನ್ನುತ್ತಿದ್ದರು. ರಸ್ತೆಯ ಆ ಕಡೆಯಿಂದ ಧಡ್ ಅಂತ ಒಂದು ಸದ್ದು ಬಂತು. ಆಮೇಲೆ ಹೆಂಚು ಉದುರುವ ಸದ್ದು. ಮೇಲಿದ್ದವರೊಬ್ಬರು "ಬರ್ತಿದೆ, ಬರ್ತಿದೆ!" ಅಂದರು. ಚಪ್ಪಾಳೆ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಗಂಡಾನೆ ಕೊಳಕ್ಕೆ ಬಂತು. ಮೋಟುಮರದ ಹತ್ತಿರ ನಿಂತು, ನಾನು ಮೆತ್ತಿದ್ದನ್ನು ಕೆರೆದು ಕೆರೆದು ಬಾಯಿಗೆ ಇಟ್ಟುಕೊಂಡಿತು. ಎಲ್ಲರೂ ಫೋಟೋ ತೆಗೆದರು. ಒಳ್ಳೆಯ ಬೆಳಕು. ನಾನು ಕೊಳದ ಪಕ್ಕದ ಪೊದೆಯ ಹಿಂದೆ ಖಾಲಿ ಚೀಲ ಮಡಚುತ್ತಾ ನೋಡಿದೆ. ಆನೆಯ ಹಣೆಯ ಮೇಲೆ, ಒಂದು ದಂತದ ಮೇಲೆ, ಹಸಿರು ಬಣ್ಣ ಮೆತ್ತಿಕೊಂಡಿತ್ತು.

ಓಡಿದೆ.

*

ಗೋಡೆ ಬಿದ್ದಾಗ ಚಿಕ್ಕಪ್ಪ ದುಪ್ಪಟಿ ಹಾಸುತ್ತಿದ್ದ. ಸೊಂಟದಿಂದ ಕೆಳಗೆ ಗೋಡೆಯಡಿ ಸಿಕ್ಕಿಕೊಂಡಿದ್ದ. ಕಾಲಿಗೆ ಕಟ್ಟು ಹಾಕಿದ ಡಾಕ್ಟರು, ಇನ್ನು ಊರುಗೋಲಿಲ್ಲದೆ ನಡೆಯೋ ಆಸೆ ಬೇಡ ಅಂದರು. ಉಳಿದ ಕೋಣೆಯಲ್ಲಿ ಮಂಚದ ಮೇಲೆ ಮಲಗಿಸಿದೆವು. ನೋಡಲು ಬಂದ ಸಾಲುಮನೆಯವರಿಗೆಲ್ಲ ಅವನದು ಒಂದೇ ಕಥೆ.

"ಪಾಪ, ಗಿರಾಕಿ ಆಗಿ ಬಂದಿತ್ತು ಕಣ್ರೋ. ರೂಮು ನೋಡ್ತು. ಇಷ್ಟ ಆಗ್ಲಿಲ್ಲ."

ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ನಗುವಾಗ ಸೊಂಟ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದ.

ಮೂರನೇ ದಿನ ಜೀಪು ಬಂತು. ಸಾಹೇಬ ಇಳಿದ, ಅವನ ಹಿಂದೆ ನಮ್ಮ ಮ್ಯಾನೇಜರ್ ಇಳಿದ. ಸಾಹೇಬ ಚಪ್ಪಲಿ ಕಾಲಲ್ಲೇ ಒಳಗೆ ಬಂದು, ಬೆತ್ತದ ತುದಿಯಿಂದ ಚಿಕ್ಕಮ್ಮನ ಪಾತ್ರೆಗಳನ್ನು ಒಂದೊಂದಾಗಿ ಬೋರಲು ಕೆಡವಿದ.

"ಆನೆ ಸುಮ್ಸುಮ್ನೆ ಗೋಡೆ ಒಡೆಯಲ್ಲ. ಏನಿಟ್ಟಿದ್ರಿ ಒಳಗೆ?"

"ಹಾಸಿಗೆ ಇಟ್ಟಿದ್ವಿ ಸ್ವಾಮಿ" ಅಂದಳು ಚಿಕ್ಕಮ್ಮ.

"ಭಟ್ಟಿ ಎಲ್ಲಿ ಇಳಿಸ್ತೀರಿ?"

"ನಾವು ಆ ಕೆಲ್ಸ ಮಾಡಲ್ಲ ಸ್ವಾಮಿ."

"ನಿಮ್ಮ ಜಾತಿಯೋರು ಮಾಡ್ದೆ ಇರ್ತೀರಾ? ಲೇ, ಬಾಯಿ ತೆಗಿ." ಅದು ಚಿಕ್ಕಪ್ಪನಿಗೆ. ಚಿಕ್ಕಪ್ಪ ಮಲಗಿದ್ದಲ್ಲೇ ಬಾಯಿ ತೆಗೆದ. "ಇನ್ನೂ ಅಗಲ." ಸಾಹೇಬ ಬಗ್ಗಿ ಮೂಸಿದ.

"ಆನೆನೂ ಇಷ್ಟು ಹತ್ರ ಬಂದಿರ್ಲಿಲ್ಲ ಸ್ವಾಮಿ" ಅಂದ ಚಿಕ್ಕಪ್ಪ, ಬಾಯಿ ತೆಗೆದುಕೊಂಡೇ.

ಬೆತ್ತ ಕಟ್ಟು ಹಾಕಿದ ಕಾಲಿನ ಮೇಲೆ ಒಂದು ಸಲ ಬಿತ್ತು. ಜೋರಾಗಿ ಅಲ್ಲ. ಚಿಕ್ಕಪ್ಪನ ಬಾಯಿ ತೆರೆದದ್ದು ತೆರೆದೇ ಉಳಿಯಿತು, ದನಿ ಬರಲಿಲ್ಲ.

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು. ಅಕ್ಷರ ಕೂಡಿಸಿಕೊಂಡು ನಾನು ಓದಿದೆ. ಮನೆಯಲ್ಲಿ ಇಳಿಸಿದ ಕಳ್ಳಭಟ್ಟಿಯ ವಾಸನೆಗೆ ಆನೆ ಬಂದಿದೆ. ಸಾಲುಮನೆಗಳಿಂದ ಪ್ರಾಣಿಗಳಿಗೆ ತೊಂದರೆ. ಈ ಜನರನ್ನು ಇಲ್ಲಿಂದ ತೆರವು ಮಾಡಿಸಬೇಕು. ಕೆಳಗೆ, ಕಣ್ಣಾರೆ ಕಂಡವರ ಸಹಿ.

"ಇವ್ನು ಹಾಕ್ತಾನೆ ಸಾಹೇಬ್ರೆ. ಲಾಡ್ಜಿನೋನೂ ಹೌದು, ಇದೇ ಮನೇಲಿ ಬೆಳೆದೋನೂ ಹೌದು" ಅಂದ ಮ್ಯಾನೇಜರ್. ಆಮೇಲೆ ನನ್ನ ಕಿವಿಯ ಹತ್ತಿರ ಬಂದ. "ಇಲ್ಲಾಂದ್ರೆ ಉಪ್ಪಿಂದು ಬರೆಸ್ತೀನಿ. ಅದ್ರ ಕೆಳಗೆ ಯಾರ ಹೆಸ್ರು ಬರುತ್ತೆ, ನೀನೇ ಹೇಳು."

ಬಿಸಿಲಿಗೆ ಬಾನೆಟ್ಟು ಸುಡುತ್ತಿತ್ತು. ಅಂಗೈ ಊರಿ ಸಹಿ ಹಾಕಿದೆ.

ಜೀಪು ಹೋದ ಮೇಲೆ ಚಿಕ್ಕಮ್ಮ ಹೊರಗೆ ಬಂದಳು. ಅವಳಿಗೆ ಓದು ಬರುವುದಿಲ್ಲ. ನಾನು ಬರೆಯುವುದನ್ನು ಬಾಗಿಲಿನಿಂದ ನೋಡಿದ್ದಳು.

"ನಮ್ಮ ಪರ ಬರದ್ಯೇನೋ ಮಗ?"

ನಾನು ತಲೆ ಆಡಿಸಿದೆ. ಹೌದು ಅನ್ನುವ ಹಾಗೆ.

ಸಂಜೆಗೆ ಅವಳು ಸಾಲುಮನೆಯ ಬಾಗಿಲು ಬಾಗಿಲಿಗೂ ಹೋಗಿ ಹೇಳಿ ಬಂದಿದ್ದಳು. "ನಮ್ಮ ಹುಡ್ಗ ಸಾಹೇಬ್ರ ಮುಂದೆ ನಿಂತು ಸಹಿ ಹಾಕಿದಾನೆ. ಯಾಕೆ ಹೆದ್ರಿಕೊಳ್ತೀರಿ, ಇನ್ನು ನಮ್ಮನ್ನ ಯಾರೂ ಎಬ್ಸಲ್ಲ." ಪಕ್ಕದ ಮನೆಯ ಮುದುಕ ಬಂದು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಆ ಕೈಯಲ್ಲೇ ನಾನು ಊಟ ಮಾಡಿದೆ.

*

ಅಡುಗೆಮನೆಯಲ್ಲಿ ಕಪ್ಪುಗಳೆಲ್ಲ ಮುಗಿದವು. ಹಾಲಿನಲ್ಲಿ ಮತ್ತೆ ನಗು ಕೇಳಿಸಿತು. ನನ್ನದೇ ವಿಷಯವೋ ಬೇರೆಯದೋ ಗೊತ್ತಿಲ್ಲ. ಉಗ್ರಾಣದ ಬಾಗಿಲು ತೆಗೆದೆ. ಉಪ್ಪಿನ ಚೀಲ ಅರ್ಧ ಉಳಿದಿತ್ತು. ಬೆನ್ನಿಗೆ ಹಾಕಿಕೊಂಡು ಹಾಲಿಗೆ ಹೋದೆ.

ಸಾಹೇಬನ ಟೇಬಲ್ಲಿನ ಮುಂದೆ ನಿಂತು ಚೀಲ ಬಗ್ಗಿಸಿದೆ. ಕಲ್ಲುಪ್ಪು ಟೇಬಲ್ಲಿನ ಮೇಲೆ, ಮೊಟ್ಟೆಯ ಮೇಲೆ, ಅವನ ತೊಡೆಯ ಮೇಲೆ ಸುರಿಯಿತು. ಹೆಂಟೆಗಳು ನೆಲದ ಮೇಲೆ ಉರುಳಿಕೊಂಡು ಕಿಟಕಿಯ ತನಕ ಹೋದವು.

"ಭಟ್ಟಿ ವಾಸ್ನೆಗೆ ಬರ್ಲಿಲ್ಲ ಆನೆ. ಇದಕ್ಕೆ ಬಂತು" ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ದಿನಾ ಸಂಜೆ ಕೊಳದ ಹತ್ರ ಇದನ್ನೇ ಮೆತ್ತೋದು. ಇವ್ರಿಗೆಲ್ಲ ಬಾಲ್ಕನಿಯಿಂದ ಕಾಣ್ಲಿ ಅಂತ. ನಮ್ಮ ಮನೆ ಮೇಲೆ ಹಾದು ಬಂತು. ನನ್ ಸಹಿ ವಾಪಸ್ ಕೊಡಿ."

ಸಾಹೇಬ ತೊಡೆಯ ಮೇಲಿನ ಉಪ್ಪನ್ನು ನಿಧಾನಕ್ಕೆ ಕೊಡವಿಕೊಂಡ.

"ಸಹಿ ಏನು ಕೈಗಡ ಕೊಟ್ಟ ಪಾತ್ರೇನೇನೋ, ವಾಪಸ್ ಇಸ್ಕೊಳ್ಳೋಕೆ?" ಫೈಲಿನಿಂದ ಒಂದು ಹಾಳೆ ಎಳೆದು ಉಪ್ಪಿನ ಮೇಲೆ ಎಸೆದ. "ನಕಲು. ತಗೊಂಡ್ಹೋಗಿ ಫೋಟೋ ಥರ ಕಟ್ಟು ಹಾಕಿಸ್ಕೋ. ಅಸಲು ನಿನ್ನೇನೇ ಮೇಲೆ ಹೋಯ್ತು. ತಿಂಗಳೊಳಗೆ ಸಾಲು ಖಾಲಿ."

ಮ್ಯಾನೇಜರ್ ಓಡಿ ಬಂದಿದ್ದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಎಲ್ಲರ ಕಡೆ ತಿರುಗಿ ಕೈ ಜೋಡಿಸಿದ.

"ಕ್ಷಮಿಸ್ಬೇಕು. ಒಂದು ಮಾತು ಇವ್ನನ್ನೇ ಕೇಳಿ. ಉಪ್ಪಿನ ಉಪಾಯ ಹೇಳ್ಕೊಟ್ಟಿದ್ಯಾರು? ದಿನಾ ಮೆತ್ತಿದ್ದು ಯಾರ ಕೈ? ಸಾಕಿದೋರ ಮನೆ ಮೇಲೆ ಆನೆ ಬಿಟ್ಟಿದ್ದು ಯಾರು? ಕೇಳಿ."

ಅವನು ಸುಳ್ಳು ಹೇಳಿದ್ದರೆ ನಾನು ಅವನ ಹಲ್ಲು ಉದುರಿಸುತ್ತಿದ್ದೆ.

ಏಳು ಟೇಬಲ್ಲುಗಳೂ ನನ್ನನ್ನು ನೋಡುತ್ತಿದ್ದವು. ಕಿಟಕಿ ಪಕ್ಕದ ಹುಡುಗಿಯ ಅಪ್ಪ ಎದ್ದ. ಕಾಲಿನ ಹತ್ತಿರ ಬಂದಿದ್ದ ಉಪ್ಪಿನ ಹೆಂಟೆಯೊಂದನ್ನು ಎತ್ತಿಕೊಂಡು, ಬೆರಳಲ್ಲಿ ತಿರುವಿ ನೋಡುತ್ತಾ ನನ್ನ ಹತ್ತಿರ ಬಂದ. ಒಳ್ಳೆಯ ಮುಖ. ನನ್ನ ಹೆಗಲ ಮೇಲೆ ಕೈ ಇಟ್ಟ. ಆ ಲಾಡ್ಜಿನಲ್ಲಿ ನನ್ನನ್ನು ಹಾಗೆ ಮುಟ್ಟಿದವರು ಯಾರೂ ಇರಲಿಲ್ಲ. ಅವನು ಏನೋ ಸಮಾಧಾನ ಹೇಳುತ್ತಾನೆ ಅಂತ ಒಂದು ಗಳಿಗೆ ಕಾದೆ.

"ಹಾಗಾದ್ರೆ ಇವತ್ತು ಸಂಜೆ ಹಾಕಿದ್ರೆ, ಗ್ಯಾರಂಟಿ ಬರುತ್ತೇನಪ್ಪ?" ಅಂದ ಮೆಲ್ಲಗೆ.

ನಾನು ಅವನ ಕೈಯನ್ನು ಹೆಗಲಿನಿಂದ ಇಳಿಸಿದೆ. ಟೇಬಲ್ಲಿನ ಮೇಲಿನ ನಕಲು ಕಾಗದ ಎತ್ತಿ, ಉಪ್ಪು ಕೊಡವಿ, ಮಡಚಿ ಜೇಬಿಗೆ ಹಾಕಿಕೊಂಡೆ. ಚಿಕ್ಕಮ್ಮನಿಗೆ ಅದನ್ನು ಓದಿ ಹೇಳಬೇಕಿತ್ತು. ಕೆಳಗಿನ ಸಹಿಯ ತನಕ.

ಬಾಗಿಲು ದಾಟಿದೆ. "ಲೇ, ನಿಂತ್ಕೊಳೋ, ಸಾರ್ ಕೇಳ್ತಿದಾರೆ!" ಅಂದ ಮ್ಯಾನೇಜರ್ ಹಿಂದಿನಿಂದ. ಹತ್ತು ಗಂಟೆಯ ಬಸ್ಸು ಬಂದು ನಿಂತಿತ್ತು. ಇಳಿದವರು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾ ಫೋನು ನೋಡುತ್ತಿದ್ದರು. ಅವರ ನಡುವೆ ಹಾದು ರಸ್ತೆಯ ಆ ಕಡೆ ನಡೆದೆ. ಬಿದ್ದ ಗೋಡೆಯ ಹಸಿರು ಚೂರುಗಳನ್ನು ಬುಟ್ಟಿಗೆ ತುಂಬುತ್ತಿದ್ದ ಚಿಕ್ಕಮ್ಮ, ಕೆಲಸದ ಹೊತ್ತಿನಲ್ಲಿ ನಾನು ಬರುವುದನ್ನು ನೋಡಿ, ಹಣೆಗೆ ಕೈ ಅಡ್ಡ ಹಿಡಿದು ಎದ್ದು ನಿಂತಳು.

ಹಿಂದೆ ಲಾಡ್ಜಿನಲ್ಲಿ, ಮೆಟ್ಟಿಲ ಮೇಲೆ ಸೂಟ್‌ಕೇಸಿನ ಚಕ್ರಗಳ ಸದ್ದು. ಟಕ್, ಟಕ್, ಟಕ್. ಮತ್ತೆ ಮೇಲಕ್ಕೆ ಹತ್ತಿಸುತ್ತಿದ್ದರು.