ಸೊಸೆಯ ಕೈಯ ಎಳ್ಳುನೀರು

ಮಾವನಿಗೆ ಕಾಶಿಯಲ್ಲಿ ಪಿಂಡ ಬಿಡಿಸುವುದನ್ನು ಆನ್‌ಲೈನಿನಲ್ಲಿ ಬುಕ್ ಮಾಡಿದವಳು ಕಾವ್ಯಳೇ. ಉಡುಪಿಯ ಬಸ್ ನಿಲ್ದಾಣದ ಹಿಂದಿನ ಸೈಬರ್ ಅಂಗಡಿಯಲ್ಲಿ ಕೂತು ದಿನವಿಡೀ ಊರವರ ಆಧಾರ್, ಪಾನ್, ಸ್ಕಾಲರ್‌ಶಿಪ್ಪಿನ ಅರ್ಜಿ ತುಂಬುವವಳಿಗೆ ಅದೇನು ದೊಡ್ಡ ಕೆಲಸವಲ್ಲ. ಅಂಗಡಿಯ ಯಜಮಾನ ಬ್ರಯಾನ್ ಪರದೆಗೆ ಇಣುಕಿ ನೋಡಿ ನಕ್ಕ.

"ನಮ್ಮ ಚರ್ಚಿನ ಸತ್ತವರ ಪೂಜೆ ಯೂಟ್ಯೂಬಿನಲ್ಲಿ ಬರ್ತದೆ. ನಿಮ್ಮಲ್ಲಿಯೂ ಶುರುವಾಯ್ತಾ ಮಾರಾಯ್ತಿ?"

"ಮಾಮಿಗೆ ಆಸೆ ಉಂಟಂತೆ. ಮಾವ ಸತ್ತು ಎಷ್ಟೋ ವರ್ಷ ಆಯ್ತು, ಕಾಶಿಗೆ ಹೋಗಿ ಬರುವವರು ಯಾರು?" ಎಂದಳು ಕಾವ್ಯ.

ಅರ್ಜಿಯಲ್ಲಿ ಗೋತ್ರ ಕೇಳಿತ್ತು. ಕಾಪುವಿನ ಮನೆಗೆ ಫೋನ್ ಮಾಡಿದಳು.

"ಮಾಮಿ, ಗೋತ್ರ ಎಂತ ಬರೆಯುವುದು?"

"ನಮಗೆ ಎಂತ ಗೋತ್ರ? ಬರಿ ಬರೆ. ಕರ್ಕೇರ."

"ಅದು ನಿಮ್ಮದಲ್ವಾ? ಮಾವ ಕುಂದರ್ ಅಲ್ವಾ?"

ಆ ಕಡೆ ಅತ್ತೆ ನಳಿನಾಕ್ಷಿ ಕೆಮ್ಮಿದಳು. ಕರಾವಳಿಯ ಈ ಮನೆಗಳಲ್ಲಿ ಬರಿ, ಅಂದರೆ ಕುಲದ ಹೆಸರು, ಬರುವುದು ತಾಯಿಯಿಂದ. ಗಂಡನದೊಂದು, ಹೆಂಡತಿಯದೊಂದು; ಮಕ್ಕಳೆಲ್ಲ ತಾಯಿಯ ಬರಿಯವರು. ಅದನ್ನು ತಪ್ಪಿ ಹೇಳುವ ಹೆಂಗಸು ಇಡೀ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ.

"ಹೌದೌದು, ಕುಂದರ್. ನನ್ನ ತಲೆ ಸರಿ ಇಲ್ಲ ಈಗ" ಎಂದು ಮಾಮಿ ಫೋನ್ ಇಟ್ಟಳು. ಬರಿ ಎಂದರೆ ಪಿಂಡ ಬುಕ್ ಮಾಡಿಸುವ ಸಂಸ್ಥೆಯವರಿಗೆ ತಿಳಿಯಲಿಲ್ಲ. ಗೋತ್ರ ಇಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಎಂದು ಅವರೇ ಹಾಕಿಕೊಂಡರು. ಕಾವ್ಯ ಹೆಸರಿನ ಜಾಗದಲ್ಲಿ ಮಾವನ ಹೆಸರು ಗುಣಪಾಲ ಎಂದು ಟೈಪ್ ಮಾಡಿ, ಕಾಶಿಯ ಭಟ್ಟರು ಮಾತಾಡಲೆಂದು ಮೈದುನ ಯೋಗೀಶನ ಫೋನ್ ನಂಬರು ಕೊಟ್ಟು, ಮುಂದಿನ ಅರ್ಜಿದಾರನನ್ನು ಕರೆದಳು.

ಆ ಮನೆಯಲ್ಲಿ ಸಾವಿನ ಮಾತು ಬಾಯಿಗೆ ಬಂದರೆ ಎಲ್ಲರೂ ಒಮ್ಮೆ ಕಾವ್ಯಳ ಮುಖ ನೋಡುತ್ತಿದ್ದರು. ಅವಳ ಗಂಡ ಯಶ್ವಂತ್, ನಳಿನಾಕ್ಷಿಯ ಹಿರಿಯ ಮಗ, ಆಳಸಮುದ್ರಕ್ಕೆ ಹೋದ ಬೋಟಿನಿಂದ ಕಾಣೆಯಾಗಿದ್ದ. ರಾತ್ರಿ ಬಲೆ ಎಳೆದು ಮಲಗಿದವನು ಬೆಳಿಗ್ಗೆ ಚಹಾಕ್ಕೆ ಕರೆದಾಗ ಇರಲಿಲ್ಲ. ಬೋಟಿನವರು ಹುಡುಕಿದರು, ಕೋಸ್ಟ್ ಗಾರ್ಡಿನವರು ಹುಡುಕಿದರು. ಹೆಣ ಸಿಗಲಿಲ್ಲ. ಎರಡು ಮಳೆಗಾಲ ಕಳೆಯಿತು. ಮಹಾರಾಷ್ಟ್ರದ ಬೋಟಿನವರು ಎತ್ತಿಕೊಂಡಿರಬಹುದು, ತಲೆಗೆ ಪೆಟ್ಟು ಬಿದ್ದು ಊರಿನ ಹೆಸರು ಮರೆತಿರಬಹುದು ಎಂದು ಜನ ಮೊದಮೊದಲು ಹೇಳಿದರು. ಆಮೇಲೆ ಹೇಳುವುದನ್ನು ಬಿಟ್ಟರು.

ಬಿಡದವರು ಇಬ್ಬರೇ, ಕಾವ್ಯ ಮತ್ತು ನಳಿನಾಕ್ಷಿ. ಮೀನು ಮಾರ್ಕೆಟಿನಲ್ಲಿ ಪಕ್ಕದ ಬುಟ್ಟಿಯ ಹೆಂಗಸು "ಪಾಪ, ಒಳ್ಳೆಯ ಹುಡುಗನಾಗಿದ್ದ" ಎಂದದ್ದಕ್ಕೆ ನಳಿನಾಕ್ಷಿ ಕೈಯಲ್ಲಿದ್ದ ಬಂಗುಡೆಯನ್ನು ಅವಳ ಮುಖಕ್ಕೇ ಎಸೆದಿದ್ದಳು. "ಆಗಿದ್ದ ಅಂತೆ! ಇದ್ದಾನೆ ಅಂತ ಹೇಳಲಿಕ್ಕೆ ನಿನ್ನ ನಾಲಿಗೆ ಸವೀತದಾ?" ಮೀನು ಟೆಂಪೋ ಓಡಿಸುವ ಕಾವ್ಯಳ ಅಪ್ಪ ಕಾರ್ಕಳದಿಂದ ಬಂದು, ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದಾಗ ಬಾಗಿಲಿಗೆ ಅಡ್ಡ ನಿಂತವಳೂ ಅವಳೇ. "ನನ್ನ ಮಗ ಬಂದು ಹೆಂಡತಿ ಎಲ್ಲಿ ಅಂತ ಕೇಳಿದರೆ ನಾನು ಎಂತ ಹೇಳುವುದು ಬೀಗರೇ?" ಅಪ್ಪ ಚಹಾ ಕುಡಿದು ಖಾಲಿ ಟೆಂಪೋ ಓಡಿಸಿಕೊಂಡು ವಾಪಸು ಹೋದ. ಅಂದಿನಿಂದ ಕಾವ್ಯಳಿಗೆ ಹೆತ್ತ ತಾಯಿಗಿಂತ ಮಾಮಿಯೇ ಹತ್ತಿರವಾದಳು. ಹುಚ್ಚಾದರೆ ಇಬ್ಬರಿಗೂ ಹುಚ್ಚು. ಒಬ್ಬಳೇ ಅಲ್ಲವಲ್ಲ ಎಂಬ ಧೈರ್ಯ.

ಭಾನುವಾರ ಬೆಳಿಗ್ಗೆ ಚಾವಡಿಯನ್ನು ಗುಡಿಸಿ ಒರೆಸಿದರು. ಮಣೆಯ ಮೇಲೆ ಯೋಗೀಶ್ ಕೂತ. ಎದುರಿಗೆ ತಾಮ್ರದ ತಟ್ಟೆ, ಚೊಂಬು, ಎಳ್ಳು, ದರ್ಭೆ. ಅಕ್ಕಿಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ ಗಂಗೆ ಕಾಣುತ್ತಿತ್ತು. ಹೊಳೆಯ ಬಣ್ಣ ಚಹಾದ ಹಾಗಿತ್ತು. ಮೆಟ್ಟಿಲಿನ ಮೇಲೆ ಕನ್ನಡ ಬಲ್ಲ ಭಟ್ಟರು ಕೂತಿದ್ದರು. ಅವರ ಹಿಂದೆ ಯಾರೋ ಹಲ್ಲುಜ್ಜುತ್ತಿದ್ದರು.

"ಕಾಶಿಯಲ್ಲಿ ನಮಗಿಂತ ಒಳ್ಳೆಯ ನೆಟ್‌ವರ್ಕ್ ಉಂಟು ಅತ್ತಿಗೆ. ಇಲ್ಲಿ ಲೈಟ್‌ಹೌಸ್ ಹತ್ತಿದರೂ ಒಂದು ಕಡ್ಡಿ ಬರುವುದಿಲ್ಲ" ಎಂದ ಯೋಗೀಶ್. ನಗಿಸಲು ನೋಡಿದ, ಆದರೆ ಅವನಿಗೇ ನಗು ಬರಲಿಲ್ಲ.

ಭಟ್ಟರು ಸಂಕಲ್ಪ ಹೇಳತೊಡಗಿದರು. ನಡುವೆ ಒಂದು ಕಡೆ ಯೋಗೀಶ್ ಕೈ ಚಾಚಿ ಫೋನಿನ ಸೌಂಡ್ ತಗ್ಗಿಸಿದ. ಸ್ವಲ್ಪ ಹೊತ್ತಿಗೆ ಏರಿಸಿದ. ಮತ್ತೆ ತಗ್ಗಿಸಿದ.

"ಎಂತಕ್ಕೆ ಅದನ್ನು ತಿರುಚುತ್ತಾ ಕೂತಿದ್ದಿ?" ಎಂದಳು ಕಾವ್ಯ.

"ಎಕೋ ಹೊಡೀತದೆ."

ಭಟ್ಟರು ಹಲಗೆಯೊಂದನ್ನು ಮುಂದೆಳೆದರು. ಅದರ ಮೇಲೆ ದರ್ಭೆ ಮತ್ತು ಎಲೆಯ ದಂಟುಗಳನ್ನು ಕಟ್ಟಿ ಮಾಡಿದ ಬೊಂಬೆ ಮಲಗಿತ್ತು. ತಲೆಯ ಜಾಗದಲ್ಲಿ ಒಂದು ತೆಂಗಿನಕಾಯಿ. ಕೈ ಇತ್ತು, ಕಾಲಿತ್ತು. ಮಾವನನ್ನು ಇದೇ ಊರಿನ ಸ್ಮಶಾನದಲ್ಲಿ ಸುಟ್ಟು ಬೂದಿಯನ್ನು ಸಮುದ್ರಕ್ಕೆ ಬಿಟ್ಟದ್ದು ಕಾವ್ಯಳಿಗೆ ಗೊತ್ತಿತ್ತು. ಮತ್ತೆ ಈ ಬೊಂಬೆ ಯಾಕೆ?

"ತೃಪ್ತಿ, ಅದೆಂತ ಅದು?"

ನಾದಿನಿ ತೃಪ್ತಿ ಗೋಡೆಗೆ ಒರಗಿ ನಿಂತಿದ್ದಳು. "ನನಗೆಂತ ಗೊತ್ತು ಅತ್ತಿಗೆ" ಎಂದು, ತುಂಬಿಯೇ ಇದ್ದ ಚೊಂಬಿಗೆ ನೀರು ತರಲು ಒಳಗೆ ಹೋದಳು. ಪರದೆಯಲ್ಲಿ ಬೊಂಬೆಗೆ ಬೆಂಕಿ ಹತ್ತಿತು. ತೆಂಗಿನಕಾಯಿ ಸಿಡಿಯಿತು.

"ಇನ್ನು ಎಳ್ಳುನೀರು" ಎಂದರು ಭಟ್ಟರು. "ಅವರ ಧರ್ಮಪತ್ನಿ ಮುಂದೆ ಬರಲಿ."

ಗುಣಪಾಲನ ಧರ್ಮಪತ್ನಿ ನಳಿನಾಕ್ಷಿ. ಆದರೆ ಅವಳು ಕೂತಲ್ಲಿಂದ ಏಳಲಿಲ್ಲ. "ನನ್ನ ಕೈ ನಡುಗ್ತದೆ. ನನ್ನ ಬದಲಿಗೆ ನೀನು ಬಿಡು ಮಗಾ" ಎಂದು ಸೊಸೆಯ ಬೆನ್ನನ್ನು ಮೆಲ್ಲ ತಳ್ಳಿದಳು. ಕಾವ್ಯ ಮಣೆಯ ಪಕ್ಕ ಕುಳಿತು ಅಂಗೈಯಲ್ಲಿ ಎಳ್ಳು ಹಿಡಿದಳು.

"ಯಜಮಾನರನ್ನು ಮನಸ್ಸಿನಲ್ಲಿ ನೆನೆಸಿಕೊಳ್ಳಿ ಅಮ್ಮ. ಬೆರಳಿನ ಸಂದಿಯಿಂದ ನೀರು ಇಳಿಯಲಿ."

"ಯಜಮಾನರಲ್ಲ ಭಟ್ರೇ, ನನ್ನ ಮಾವ" ಎಂದಳು ಕಾವ್ಯ.

ಯೋಗೀಶನ ಕೈ ಫೋನಿನತ್ತ ಹೋಯಿತು. ಅಷ್ಟರಲ್ಲಿ ಭಟ್ಟರು ಹೇಳಿಯಾಗಿತ್ತು.

"ಮಾವನಾ? ಅರ್ಜಿಯ ಹೆಸರು ತಪ್ಪು, ಯಶ್ವಂತ್ ಅಂತ ಇವರೇ ಫೋನಿನಲ್ಲಿ ಹೇಳಿದ್ದು. ಸಮುದ್ರದಲ್ಲಿ ಹೋದವರು, ದೇಹ ಸಿಗಲಿಲ್ಲ ಅಂತ ಇವರೇ ಹೇಳಿದ್ದು. ಅದಕ್ಕೇ ಅಲ್ವಾ ಬೊಂಬೆ ಮಾಡಿ ದಹನ ಮಾಡಿದ್ದು? ನೀವು ಅವರ ಪತ್ನಿ ಅಲ್ವಾ?"

ಕಾವ್ಯ ಅಂಗೈ ಮುಚ್ಚಿದಳು. ಎಳ್ಳು ಬೆವರಿಗೆ ಅಂಟಿತ್ತು. ಕರ್ಕೇರ ಎಂದು ಮಾಮಿಯ ಬಾಯಿಂದ ಬಂದದ್ದು ಮರೆವಿನಿಂದಲ್ಲ. ಅವಳ ಮನಸ್ಸಿನಲ್ಲಿ ಇದ್ದದ್ದೇ ಮಗ. ಕಾವ್ಯ ಏಳಲು ನೋಡಿದಳು. ಹಿಂದಿನಿಂದ ಒಂದು ಕೈ ಅವಳ ಮಣಿಕಟ್ಟನ್ನು ಹಿಡಿಯಿತು. ಮೂವತ್ತು ವರ್ಷ ಮಂಜುಗಡ್ಡೆಯಲ್ಲಿ ಮೀನು ಬಗೆದ ಕೈ ಅದು. ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ನಳಿನಾಕ್ಷಿಯ ಇನ್ನೊಂದು ಕೈ ಚೊಂಬನ್ನು ಎತ್ತಿ ಸೊಸೆಯ ಮುಷ್ಟಿಯ ಮೇಲೆ ಸುರಿಯಿತು. ಬಿಗಿದ ಬೆರಳುಗಳ ನಡುವಿನಿಂದ ಕಪ್ಪು ನೀರು ತಟ್ಟೆಗೆ ಇಳಿಯಿತು.

"ಬಿತ್ತು ಭಟ್ರೇ" ಎಂದಳು ನಳಿನಾಕ್ಷಿ.

ಭಟ್ಟರು ಒಂದು ಕ್ಷಣ ಪರದೆಯೊಳಗಿಂದ ಇವರನ್ನೇ ನೋಡಿದರು. ಆಮೇಲೆ, "ಆಯಿತು. ತಟ್ಟೆಯ ನೀರನ್ನು ಹರಿಯುವ ನೀರಿಗೋ ಸಮುದ್ರಕ್ಕೋ ಬಿಡಿ. ನನಗೆ ಇನ್ನೊಂದು ಮನೆಯವರು ಲೈನಿನಲ್ಲಿ ಕಾಯುತ್ತಿದ್ದಾರೆ" ಎಂದು ಮಾಯವಾದರು.

ಯೋಗೀಶ್ ತಟ್ಟೆಯನ್ನು ಎತ್ತಿಕೊಂಡು ಸಮುದ್ರದ ಕಡೆಗೆ ನಡೆದ. ಓಡಿಹೋದ ಎಂದರೂ ನಡೆಯುತ್ತದೆ. ನಳಿನಾಕ್ಷಿ ಅಡುಗೆಮನೆಗೆ ಹೋಗಿ ಒಲೆಯ ಮೇಲಿದ್ದ ಗಂಜಿಯನ್ನು ತಿರುವಿದಳು. ಕಾವ್ಯ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು.

"ಯಾರು ಹೇಳಿದರು?"

"ಕವಡೆ ಪ್ರಶ್ನೆಯಲ್ಲಿ ಬಂತು" ಎಂದಳು ನಳಿನಾಕ್ಷಿ, ಸೌಟು ಬಿಡದೆ. "ತೃಪ್ತಿಗೆ ಬಂದ ಸಂಬಂಧ ಎಲ್ಲ ಯಾಕೆ ಮುರಿದು ಹೋಗ್ತದೆ ಅಂತ ಜೋಯಿಸರಲ್ಲಿ ಕೇಳಿದೆ. ನಿಮ್ಮ ಮನೆಯದ್ದೇ ಒಂದು ಗಂಡು, ನೀರಲ್ಲಿ ಹೋದದ್ದು, ಗತಿ ಇಲ್ಲದೆ ಪ್ರೇತವಾಗಿ, ಕುಲೆಯಾಗಿ ಹೊಸ್ತಿಲಲ್ಲಿ ನಿಂತಿದೆ ಅಂದರು. ಅದನ್ನು ದಾಟಿಸದೆ ಹುಡುಗಿಗೆ ಮದುವೆ ಇಲ್ಲ ಅಂದರು. ಈಗ ಪರ್ಕಳದ ಶ್ರವಣ್ ಒಪ್ಪಿದ್ದಾನೆ. ಇದೂ ತಪ್ಪಿಹೋದರೆ?"

"ನನ್ನಲ್ಲಿ ಹೇಳಬಹುದಿತ್ತು."

"ಹೇಳಿದರೆ ನೀನು ಒಪ್ಪುತ್ತಿದ್ದಿಯಾ?"

"ಇಲ್ಲ."

"ಮತ್ತೆ? ಇಲ್ಲಿಯ ಭಟ್ರು ಹೆಂಡತಿ ಒಪ್ಪದೆ ಮುಟ್ಟುವುದಿಲ್ಲ ಅಂದರು. ಕಾಶಿಯವರು ಹೆಂಡತಿಯ ಕೈಯ ಎಳ್ಳುನೀರು ಬಿದ್ದರೆ ಸಾಕು ಅಂದರು. ಕೆಟ್ಟದಕ್ಕೆ ಮಾಡಿದ್ದಲ್ಲ ಕಾವ್ಯ. ಬರಿ ಉಳಿಯುವುದು ಮಗಳಿಂದ. ಅವಳಿಗೆ ಮದುವೆಯಾಗದಿದ್ದರೆ ನನ್ನ ತಾಯಿಯ ಮನೆ ನನ್ನಲ್ಲಿಗೇ ಮುಗೀತದೆ."

ಕಾವ್ಯಳಿಗೆ ಈ ಮಾತಿಗಿಂತ ಬೇರೊಂದು ಬೇಕಾಗಿತ್ತು. "ಅವರು ಸತ್ತಿದ್ದಾರೆ ಅಂತ ನಿಮಗೆ ಯಾವಾಗ ಅನಿಸಿತು ಮಾಮಿ? ಅದೊಂದು ಹೇಳಿ."

ನಳಿನಾಕ್ಷಿ ತಿರುಗಿ ನೋಡಿದಳು. ಅವಳ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

"ಸತ್ತಿದ್ದಾನೆ ಅಂತ ಯಾರು ಹೇಳಿದ್ದು? ನನಗೆ ಈಗಲೂ ಬರ್ತಾನೆ ಅಂತಲೇ ಉಂಟು. ಅದನ್ನೂ ಕೇಳಿಕೊಂಡಿದ್ದೇನೆ. ಕಾರ್ಯ ಆದವನು ತಿರುಗಿ ಬಂದರೆ ಅದಕ್ಕೂ ಕ್ರಮ ಉಂಟಂತೆ. ಹುಟ್ಟಿದ ಮಗುವಿನ ಹಾಗೆ ಸ್ನಾನ ಮಾಡಿಸಿ, ಪುನಃ ಹೆಸರಿಟ್ಟು, ಅದೇ ಹೆಂಡತಿಯ ಜೊತೆ ಪುನಃ ಮದುವೆ ಮಾಡಿಸುವುದಂತೆ. ಮಾಡಿಸುವ. ದೊಡ್ಡದಾಗಿಯೇ ಮಾಡಿಸುವ."

ಮಾಮಿ ಅತ್ತು, ಆಸೆ ಬಿಟ್ಟೆ ಎಂದಿದ್ದರೆ ಅವಳ ಕಾಲ ಬಳಿ ಕಾವ್ಯಳೂ ಕೂತು ಅಳುತ್ತಿದ್ದಳೇನೋ. ಆಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಮಗನನ್ನು ಸುಟ್ಟಿದ್ದಳು ಈ ಹೆಂಗಸು. ಅದನ್ನು ಒಬ್ಬಳೇ ಮಾಡುವ ಧೈರ್ಯವೂ ಇಲ್ಲದೆ ಸೊಸೆಯ ಕೈಯನ್ನು ಎರವಲು ಪಡೆದಿದ್ದಳು.

"ಇನ್ನೊಂದು ಮಾತು" ಎಂದಳು ನಳಿನಾಕ್ಷಿ, ದನಿ ತಗ್ಗಿಸಿ. "ಇದು ಹೊರಗೆ ಹೋಗುವುದು ಬೇಡ. ಈ ವರ್ಷವೇ ಸಾವಿನ ಕಾರ್ಯ ಆದ ಮನೆ ಅಂತ ಗೊತ್ತಾದರೆ ಪರ್ಕಳದವರು ಮದುವೆ ಮುಂದಕ್ಕೆ ಹಾಕ್ತಾರೆ, ಇಲ್ಲ ಬಿಟ್ಟೇ ಬಿಡ್ತಾರೆ. ನಿನ್ನ ಕರಿಮಣಿ ಹಾಗೆಯೇ ಇರಲಿ. ಕುಂಕುಮವೂ ಇರಲಿ. ನೀನು ಮೊದಲಿನ ಹಾಗೆಯೇ ಕಾಯುತ್ತಾ ಇರು."

ಬಾಗಿಲ ಹಿಂದಿನಿಂದ ತೃಪ್ತಿ, "ಅತ್ತಿಗೆ, ಕ್ಷಮಿಸಿ" ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಎರಡು ವರ್ಷದಿಂದ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು.

"ಯಾವಾಗಿಂದ ಗೊತ್ತಿತ್ತು ನಿನಗೆ?"

ತೃಪ್ತಿ ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡಳು.

ಕಾವ್ಯ ಕೈ ಹಿಂದೆ ಮಾಡಿ ಕರಿಮಣಿಯ ಕೊಂಡಿಯನ್ನು ಬಿಚ್ಚಿದಳು. ಕೊಂಡಿ ಬಿಗಿಯಾಗಿತ್ತು, ಹೊತ್ತು ಹಿಡಿಯಿತು. ನಳಿನಾಕ್ಷಿ ಸೌಟನ್ನು ಹಿಡಿದುಕೊಂಡೇ ನೋಡುತ್ತಿದ್ದಳು. ಅರ್ಥವಾಗುವಷ್ಟರಲ್ಲಿ ಕರಿಮಣಿ ಗಂಜಿಯ ಪಾತ್ರೆಯ ಪಕ್ಕದಲ್ಲಿತ್ತು.

"ಎಂತ ಮಾಡ್ತಿದ್ದಿ? ಹಾಕಿಕೋ. ಕಾವ್ಯ, ಹಾಕಿಕೋ ಹೇಳಿದೆ!"

"ಸತ್ತವರ ಹೆಂಡತಿ ಮುಂದೆ ಬರಲಿ ಅಂತ ಕರೆದರಲ್ಲ. ಬಂದೆ. ನೀವೇ ತಳ್ಳಿದ್ದು."

"ಊರವರು ನೋಡ್ತಾರೆ!"

"ನೋಡಲಿ."

ಕೋಣೆಗೆ ಹೋಗಿ ಕೈಗೆ ಸಿಕ್ಕಿದ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡಳು. ನಳಿನಾಕ್ಷಿ ಅಂದು ಅವಳ ಅಪ್ಪನಿಗೆ ಅಡ್ಡ ನಿಂತಂತೆ ಇಂದೂ ಬಾಗಿಲಿಗೆ ಬಂದಳು. ಆದರೆ ಹೇಳಲು ಆ ಹಳೆಯ ಮಾತು ಉಳಿದಿರಲಿಲ್ಲ. ಕಾವ್ಯ ಅವಳನ್ನು ಭುಜದಿಂದ ಸರಿಸಿ ಅಂಗಳಕ್ಕಿಳಿದಳು.

ಹೆದ್ದಾರಿಗೆ ಹೋಗಲು ಮೀನು ಮಾರ್ಕೆಟನ್ನು ದಾಟಲೇಬೇಕು. ಭಾನುವಾರವಾದ್ದರಿಂದ ಜನ ಹೆಚ್ಚೇ ಇದ್ದರು. ಬುಟ್ಟಿಗಳ ಹಿಂದೆ ಕೂತ ಹೆಂಗಸರು ಮೊದಲು ಚೀಲ ನೋಡಿದರು, ಆಮೇಲೆ ಕುತ್ತಿಗೆ ನೋಡಿದರು. ಕತ್ತರಿಸುತ್ತಿದ್ದ ಅಂಜಲ್ ಮೀನು ಅರ್ಧಕ್ಕೇ ಉಳಿಯಿತು. ಅಂದು ಬಂಗುಡೆಯ ಪೆಟ್ಟು ತಿಂದವಳೇ ಎದ್ದು ಬಂದು ಒದ್ದೆ ಕೈಯಲ್ಲಿ ಅವಳ ತೋಳು ಹಿಡಿದಳು.

"ಎಂತ ಆಯ್ತು ಮಗಾ? ಸಿಕ್ಕಿದನಾ? ಎಲ್ಲಿ ಸಿಕ್ಕಿದ?"

ಸಿಕ್ಕಿಲ್ಲ, ಇದೆಲ್ಲ ನನ್ನ ಮಾಮಿಯ ಆಟ ಎನ್ನಬಹುದಿತ್ತು. ನಡೆದದ್ದನ್ನೆಲ್ಲ ಬಿಡಿಸಿ ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದಿದ್ದಳು. ಆದರೆ ಸುತ್ತ ನೆರೆದ ಮುಖಗಳೆಲ್ಲ ಒಂದೇ ಮಾತಿಗೆ ಕಾಯುತ್ತಿದ್ದವು, ಬಹುಶಃ ಎರಡು ವರ್ಷದಿಂದ.

"ಯಶ್ವಂತ್ ತೀರಿಹೋದರು" ಎಂದಳು ಕಾವ್ಯ. "ಇವತ್ತು ಕಾರ್ಯ ಆಯ್ತು. ಮಾಮಿ ಮಾಡಿಸಿದರು."

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಯಾರೋ ಅತ್ತರು. ಸಂಜೆಯೊಳಗೆ ಸುದ್ದಿ ಪರ್ಕಳಕ್ಕೆ ಮುಟ್ಟುತ್ತದೆ, ಅದಕ್ಕೆಂದೇ ಹೇಳಿದ್ದಳು. ಆದರೆ ಎರಡು ಮಳೆಗಾಲ ಯಾರ ಬಾಯಿಂದಲೂ ಬರಗೊಡದ ಮಾತನ್ನು ಊರ ನಡುವೆ ನಿಂತು ಆಡಿದವಳು ತಾನೇ. ಇನ್ನು ಯಾರ ಮುಖಕ್ಕೆ ಮೀನು ಎಸೆಯುವುದು?

ಹೆದ್ದಾರಿಯಲ್ಲಿ ಉಡುಪಿ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಆ ಹೆಂಗಸು ಅವಳ ತೋಳನ್ನು ಇನ್ನೂ ಬಿಟ್ಟಿರಲಿಲ್ಲ. "ಸ್ವಲ್ಪ ಕೂತುಕೋ ಮಗಾ, ನೀರು ಕುಡಿ" ಎಂದಳು. ಕಾವ್ಯ ಬೇಡ ಎಂದು ತಲೆಯಾಡಿಸಿ, ಕೈ ಬಿಡಿಸಿಕೊಂಡು ಬಸ್ಸಿನ ಕಡೆಗೆ ನಡೆದಳು.