ಸೈಕಲ್ ಟ್ಯೂಬಿನ ಗಂಟು

ಕಾವ್ಯಶ್ರೀಗೆ ಬೇಕಾಗಿದ್ದದ್ದು ಒಂದೇ, ಟೇಬಲ್ ಸಾ. ಒಡವೆ ಬೇಡ, ರೇಷ್ಮೆ ಸೀರೆ ಬೇಡ. ಮೇಜಿನ ನಡುವೆ ದುಂಡನೆಯ ಬ್ಲೇಡು ತಿರುಗಿಸುತ್ತ, ಎಂಥ ದಪ್ಪ ಹಲಗೆಯನ್ನೂ ಉದ್ದಕ್ಕೆ ಸೀಳಿಕೊಡುವ ಆ ಮಷೀನು ಸಿಕ್ಕರೆ ಸಾಕು. ಯಾಕಪ್ಪಾ ಇಷ್ಟು ಆಸೆ ಅನ್ನುವವರು ಒಂದು ದಿನ ಅವಳ ಜೊತೆ ಸಾಮಿಲ್ಲಿಗೆ ಹೋಗಿ ನಿಂತು ನೋಡಬೇಕು. ಮದಕರಿಪುರದಿಂದ ಆಟೋದಲ್ಲಿ ಹಲಗೆ ಹೇರಿಕೊಂಡು ಬೆಳಗ್ಗೆ ಒಂಬತ್ತಕ್ಕೆ ದುರ್ಗ ಮುಟ್ಟಿದರೂ, ಅವಳ ಹಿಂದೆ ಬಂದ ಗಂಡಸರ ಮರವೆಲ್ಲ ಸೀಳಿ ಮುಗಿದು ಅವಳ ಸರದಿ ಬರುವುದು ಮಧ್ಯಾಹ್ನ ಮೂರಕ್ಕೆ. ಅದರ ಮೇಲೆ, ನಿಮ್ಮಪ್ಪನ್ನ ಕಳಿಸಬೇಕಿತ್ತು ಕಣಮ್ಮ ಅನ್ನುವ ಸಾಮಿಲ್ಲಿನವರ ಉಪದೇಶ ಬೇರೆ. ಅಪ್ಪ ಹಾಲಸ್ವಾಮಿಗೆ ಮಂಡಿ ಸವೆದುಹೋಗಿ ನಾಲ್ಕು ವರ್ಷವಾಯಿತು, ಬಾಗಿಲು, ಕಿಟಕಿ, ಮಂಚ ಎಲ್ಲ ಈಗ ತನ್ನದೇ ಕೈಕೆಲಸ ಎಂದು ಎಷ್ಟು ಸಲ ಹೇಳಿದರೂ ಅವರ ಕಿವಿಯಲ್ಲಿ ಮರದ ಹೊಟ್ಟೇ ತುಂಬಿಕೊಂಡಿರುತ್ತದೆ.

ಹಾಗಾಗಿ ಆ ಸೋಮವಾರ ಫೋನು ನೋಡಿದಾಗ ಅವಳು ಕುಂತಲ್ಲಿಂದ ಎದ್ದೇ ನಿಂತಳು. ಕೋಟೆನಾಡು ಮರಗೆಲಸ ಬಳಗ ಅಂತ ಒಂದು ವಾಟ್ಸಾಪ್ ಗುಂಪು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ತಾಲೂಕಿನ ಮುನ್ನೂರು ಗಂಡಸರು ಅದರಲ್ಲಿದ್ದಾರೆ, ಹೆಣ್ಣುಮಗಳು ಇವಳೊಬ್ಬಳೇ. ಬಳಗದವರು ಮಷೀನು ವಿಮರ್ಶೆಯ ಸ್ಪರ್ಧೆ ಇಟ್ಟಿದ್ದರು. ವರ್ಷವಾದರೂ ಬಳಸಿದ ನಿಮ್ಮ ಸ್ವಂತ ಕರೆಂಟ್ ಮಷೀನು ತನ್ನಿ, ಓಡಿಸಿ ತೋರಿಸಿ, ಅದರ ಒಳ್ಳೆಯದು ಕೆಟ್ಟದ್ದು ಎರಡನ್ನೂ ಐದು ನಿಮಿಷದಲ್ಲಿ ಹೇಳಿ. ಚೆನ್ನಾಗಿ ಹೇಳಿದವರಿಗೆ ಬಹುಮಾನ, ಹೊಚ್ಚಹೊಸ ಟೇಬಲ್ ಸಾ.

ನಿಯಮ ಒಂದೇ ಒಂದು. ಇನ್ನೊಬ್ಬರ ಮಷೀನನ್ನು ಅವರ ಅಪ್ಪಣೆ ಇಲ್ಲದೆ ಮುಟ್ಟುವಂತಿಲ್ಲ, ಮುಟ್ಟಿದವರು ಸ್ಪರ್ಧೆಯಿಂದ ಹೊರಗೆ. ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ ಅನ್ನಿ. ಕೇಳದೆ ಇನ್ನೊಬ್ಬನ ಉಳಿಯನ್ನು ಎತ್ತಿಕೊಂಡವನಿಗೆ ಮರಗೆಲಸದವರು ನೀರು ಸಹ ಕೊಡುವುದಿಲ್ಲ.

ಹಾಲಸ್ವಾಮಿ ಮಗಳನ್ನು ಎದುರು ಕೂರಿಸಿಕೊಂಡು ಪಾಠ ಶುರು ಮಾಡಿದ. ಅವನದು ಹಳೇ ಮತ. ಅನ್ನ ಕೊಡುವ ಸಾಮಾನು ದೇವರು, ಅದರ ಎದುರಿಗೆ ಅದರ ದೂರು ಹೇಳಬಾರದು, ಕೆಲಸದ ಜಾಗದಲ್ಲಿ ಚಪ್ಪಲಿ ಮೆಟ್ಟಬಾರದು. ಕೆಟ್ಟದ್ದೇನು ಎಂದು ಕೇಳಿದರೆ ಏನೂ ಇಲ್ಲ ಅಂದುಬಿಡು ಎಂದ. ಅವಳು ಹೂಂಗುಟ್ಟಿದಳು. ಅವಳ ಹಸಿರು ಬಣ್ಣದ ರಂದಾ ಮಷೀನಿನ ಬಗ್ಗೆ, ಅಂದರೆ ಹಲಗೆಯ ಮೈ ಹೆರೆದು ನುಣ್ಣಗೆ ಮಾಡುವ ಆ ಕೈಮಷೀನಿನ ಬಗ್ಗೆ, ಹೇಳಲೇಬೇಕಾದ ಒಂದು ಮಾತಿತ್ತು. ಆದರೆ ಅದು ಅಪ್ಪನ ಕಿವಿಗೆ ಬೀಳುವ ಹಾಗಿರಲಿಲ್ಲ.

ನಡೆದದ್ದು ಇಷ್ಟು. ರಂದಾ ಮಷೀನಿನ ಸ್ವಿಚ್ಚನ್ನು, ಬೇರೆ ಕೈಮಷೀನುಗಳ ಹಾಗೇ, ಕೆಲಸ ಮುಗಿಯುವ ತನಕ ಬೆರಳಿನಿಂದ ಒತ್ತಿಯೇ ಹಿಡಿದಿರಬೇಕು. ಮಧ್ಯಾಹ್ನದ ಹೊತ್ತಿಗೆ ಬೆರಳು ಸೋತು ಹೋಗುತ್ತದೆ. ಅದಕ್ಕೆ ನಾಲ್ಕೂ ತಾಲೂಕಿನವರು ಕಂಡುಕೊಂಡ ಉಪಾಯ ಸೈಕಲ್ ಟ್ಯೂಬು. ಹಳೇ ಟ್ಯೂಬಿನ ಪಟ್ಟಿಯಿಂದ ಸ್ವಿಚ್ಚನ್ನು ಬಿಗಿದು ಗಂಟು ಹಾಕಿಬಿಟ್ಟರೆ ಆಯಿತು, ಹಚ್ಚುವುದು ಆರಿಸುವುದು ಗೋಡೆಯ ಸ್ವಿಚ್ಚಿನಿಂದಲೇ. ಅವಳೂ ಕಟ್ಟಿದ್ದಳು. ಎರಡು ತಿಂಗಳ ಹಿಂದೆ ಬಾಗಿಲಿನ ಹಲಗೆ ಹೆರೆಯುವಾಗ ಕರೆಂಟು ಹೋಯಿತು. ಗೋಡೆಯ ಸ್ವಿಚ್ಚು ಆರಿಸುವುದು ಮರೆತು, ಮಷೀನನ್ನು ಹಲಗೆಯ ಮೇಲೇ ಬಿಟ್ಟು, ಬರಿಗಾಲಲ್ಲಿ ಚಾ ಕುಡಿಯಲು ಒಳಗೆ ಹೋದಳು. ಎರಡು ಗುಟುಕು ಇಳಿದಿರಲಿಲ್ಲ, ಕರೆಂಟು ಬಂತು. ಮಷೀನು ತನ್ನಷ್ಟಕ್ಕೆ ತಾನೇ ಗುರ್ರೆಂದು ಹಲಗೆಯ ಮೇಲೆ ಹಿಂದಕ್ಕೆ ಓಡಿ, ಅವಳು ದಿನಾ ನಿಲ್ಲುವ ಜಾಗಕ್ಕೇ ಸರಿಯಾಗಿ ಧುಮುಕಿತು. ಬೆಂಚಿನ ಬುಡದಲ್ಲಿ ಬಿಟ್ಟಿದ್ದ ಅವಳ ಎಡಗಾಲಿನ ಚಪ್ಪಲಿ ಎರಡು ಹೋಳಾಗಿತ್ತು.

ಅಪ್ಪ ಕೇಳಿದಾಗ ಪಕ್ಕದ ಮನೆ ಯಲ್ಲಕ್ಕನ ನಾಯಿ ಕಚ್ಚಿಹಾಕ್ತು ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟಳು. ನಿಜ ಹೇಳಿದರೆ ಅಪ್ಪ ಮಷೀನನ್ನೇ ಮುಟ್ಟಲು ಬಿಡುತ್ತಿರಲಿಲ್ಲ. ಅಂದಿನಿಂದ ಹಾಲಸ್ವಾಮಿ ಆ ಬಡನಾಯಿ ಕಂಡಾಗಲೆಲ್ಲ ಕೋಲು ಎತ್ತುತ್ತಿದ್ದ, ಅದು ಬಾಲ ಮುದುರಿಕೊಂಡು ಓಡುತ್ತಿತ್ತು. ಅವಳೇನೋ ಅಂದೇ ಟ್ಯೂಬು ಬಿಚ್ಚಿ ಬಿಸಾಡಿದ್ದಳು. ಚಪ್ಪಲಿಯ ಹೋಳುಗಳನ್ನು ಮಾತ್ರ ಬಿಸಾಡಲು ಮನಸ್ಸಾಗದೆ ಮಷೀನಿನ ಚೀಲದ ತಳದಲ್ಲೇ ಇಟ್ಟುಕೊಂಡಿದ್ದಳು.

ಭಾನುವಾರ ಬಂತು. ಹೊಳಲ್ಕೆರೆ ರಸ್ತೆಯ ಸಮುದಾಯ ಭವನದಲ್ಲಿ ಮದುವೆಮನೆಯ ಗದ್ದಲ. ಉದ್ದನೆಯ ಮೇಜಿನ ಮೇಲೆ ಮೂವತ್ತು ಮಷೀನು ಸಾಲಾಗಿ ಕೂತಿದ್ದವು, ಒಂದೊಂದರ ಹಣೆಗೂ ವಿಭೂತಿ, ಕುಂಕುಮ, ಕೆಲವಕ್ಕೆ ಚೆಂಡು ಹೂವು. ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಟೇಬಲ್ ಸಾ ನಿಂತಿತ್ತು. ಅಪ್ಪನ ಪಕ್ಕ ಕೂತ ಕಾವ್ಯಶ್ರೀ ಅತ್ತ ನೋಡಬಾರದು ಎಂದುಕೊಂಡೇ ಹತ್ತು ಸಲ ನೋಡಿದಳು.

ತೀರ್ಪುಗಾರರು ಹೊಸದುರ್ಗದ ನಾಗಭೂಷಣ ಮೇಷ್ಟ್ರು. ಮೂವತ್ತು ವರ್ಷ ಮರಗೆಲಸ ಕಲಿಸಿ ನಿವೃತ್ತರಾದವರು, ಕಿವಿಯ ಮೇಲಿನ ಪೆನ್ಸಿಲ್ಲು ಇನ್ನೂ ಇಳಿದಿಲ್ಲ. ಪಾಪ, ಬೆಳಗ್ಗೆಯಿಂದ ಅವರು ಕೇಳಿದ್ದು ಬರೀ ಸ್ತೋತ್ರ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ ಒಬ್ಬೊಬ್ಬರೂ ತಮ್ಮ ಮಷೀನನ್ನು ಹೊಗಳಿದ್ದೇ ಹೊಗಳಿದ್ದು. ಕೆಟ್ಟದ್ದೇನಪ್ಪ ಎಂದು ಮೇಷ್ಟ್ರು ಕೇಳಿದರೆ ಸಾಕು, ನಾಲಿಗೆ ಕಚ್ಚಿಕೊಂಡು ಮಷೀನಿಗೆ ಕೈ ಮುಗಿಯುವುದು. ಹೊಳಲ್ಕೆರೆಯವನೊಬ್ಬ, ಇಂಥದ್ದು ತನ್ನ ಹತ್ತಿರ ಇನ್ನೊಂದು ಇಲ್ಲದಿರುವುದೇ ಕೆಟ್ಟದ್ದು ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಂಡ. ಮೇಷ್ಟ್ರು ಆಕಳಿಸಿದರು.

ಕಾವ್ಯಶ್ರೀಗಿಂತ ಮುಂಚಿನ ಸರದಿ ಹಿರಿಯೂರಿನ ಕನಕರಾಜನದು. ಬಳಗದಲ್ಲಿ ಅವನ ವಿಡಿಯೋ ನೋಡದವರಿಲ್ಲ, ಬಹುಮಾನ ಅವನಿಗೇ ಅಂತ ಹಿಂದಿನ ದಿನವೇ ಎಲ್ಲರೂ ಹಂಚಿಬಿಟ್ಟಿದ್ದರು. ಅವನದೂ ರಂದಾ ಮಷೀನೇ. ಮೇಜಿನ ಮೇಲೆ ಆರಡಿ ಹಲಗೆ ಬಿಗಿದು, ಮಷೀನು ಹಚ್ಚಿ, ಒಂದೇ ದಮ್ಮಿಗೆ ಆ ತುದಿಯ ತನಕ ಹೆರೆದುಕೊಂಡು ಹೋದ. ಸುರುಳಿಗಳು ಎರಡನೇ ಸಾಲಿನ ತನಕ ಹಾರಿದವು, ಜನ ಶಿಳ್ಳೆ ಹೊಡೆದರು. ಕಾವ್ಯಶ್ರೀಗೂ ಖುಷಿಯಾಯಿತು. ಕೆಲಸಗಾರ ಅಂದರೆ ಕೆಲಸಗಾರ, ಅದನ್ನು ಒಪ್ಪದಿದ್ದರೆ ಹೇಗೆ?

ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನುಗಳು ಸುಸ್ತಾಗಿ ನಿಂತವು. ಕನಕರಾಜ ಜಗ್ಗುವ ಆಳೇ ಅಲ್ಲ. ಮಷೀನನ್ನು ಹಲಗೆಯ ಮೇಲೇ ಬಿಟ್ಟು, ತಾನು ಶುರು ಮಾಡಿದ ತುದಿಗೆ ವಾಪಸು ಬಂದು, ಹಲಗೆಗೆ ಹೊಟ್ಟೆ ಆನಿಸಿ ನಿಂತು, ಮಾರಿಕಣಿವೆ ಡ್ಯಾಮಿನಲ್ಲಿ ಮೀನು ಹಿಡಿಯುವವರ ಕಥೆಯೊಂದನ್ನು ಎತ್ತಿಕೊಂಡ. ಸಭೆಗೆ ಸಭೆಯೇ ನಗುತ್ತಿತ್ತು. ಕಾವ್ಯಶ್ರೀ ಮಾತ್ರ ನಗಲಿಲ್ಲ. ಅವಳ ಕಣ್ಣು ಮಷೀನಿನ ಹಿಡಿಯ ಮೇಲೆ ಬಿದ್ದಿತ್ತು. ಕಪ್ಪನೆಯ ಸೈಕಲ್ ಟ್ಯೂಬು, ಬಿಗಿಯಾದ ಗಂಟು. ಅದರ ಹಿಂದೆ ನೇರಕ್ಕೆ ಅವನ ಹೊಟ್ಟೆ.

ಕೂಗಿದಳು. ನಗುವಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಮುಟ್ಟಿದರೆ ಟೇಬಲ್ ಸಾ ಹೋಯಿತು, ಮುಟ್ಟದಿದ್ದರೆ ಈ ಪುಣ್ಯಾತ್ಮನ ಕರುಳು ಹೋಯಿತು. ಮುಂದಿನ ಯೋಚನೆ ಅವಳ ಕಾಲೇ ಮಾಡಿತು ಅನ್ನಬೇಕು. ಕುರ್ಚಿ ತಳ್ಳಿ ಓಡಿಹೋಗಿ ಕನಕರಾಜನ ಮಷೀನಿನ ವೈರು ಹಿಡಿದು ಜಗ್ಗಿದಳು. ಪ್ಲಗ್ಗು ಕಿತ್ತು ಕೈಗೆ ಬಂತು.

ಮರುಗಳಿಗೆಗೇ ಫ್ಯಾನು ತಿರುಗಿದವು, ದೀಪ ಹತ್ತಿತು. ಮಷೀನು ಮಾತ್ರ ಸುಮ್ಮನೆ ಮಲಗಿತ್ತು. ಅದಕ್ಕೇ ಯಾರಿಗೂ ಏನೂ ಅರ್ಥವಾಗಲಿಲ್ಲ. ಸೋಲುವ ಭಯಕ್ಕೆ ಹೀಗೆ ಮಾಡಿದಳು ಎಂದು ಹಿಂದಿನ ಸಾಲಿನಿಂದ ಗೊಣಗಾಟ ಎದ್ದಿತು. ಕನಕರಾಜನ ಮುಖ ಕೆಂಪಾಯಿತು.

"ಇದೇನಮ್ಮ ತಂಗಿ, ನನ್ನ ಸರದಿ ಇನ್ನೂ ಮುಗಿದಿಲ್ಲ," ಎಂದ.

ಮೇಷ್ಟ್ರು ಕಿವಿಯ ಪೆನ್ಸಿಲ್ಲು ತೆಗೆದರು. ನಿಯಮ ಗೊತ್ತಿತ್ತಲ್ಲ ಎಂದು ಕೇಳಿದರು. ಗೊತ್ತಿತ್ತು ಎಂದು ತಲೆಯಾಡಿಸಿದಳು. ಹಾಗಾದರೆ ನೀನು ಹೊರಗೆ ಅನ್ನುವಂತೆ ಅವಳ ಹೆಸರಿನ ಮೇಲೆ ಗೀಟು ಎಳೆದರು. ಮೂಲೆಯಲ್ಲಿದ್ದ ಕೆಂಪು ರಿಬ್ಬನ್ನಿನ ಕಡೆ ನೋಡಿದಳು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೋಗುವುದು ಹೇಗೂ ಹೋಗಿಯಾಯಿತು, ಇನ್ನು ಬಾಯಿ ಕಟ್ಟಿಕೊಂಡು ಯಾವ ದೇವರನ್ನು ಮೆಚ್ಚಿಸಬೇಕು? ಅಪ್ಪನ ಕಡೆ ನೋಡದೆ, ಚೀಲಕ್ಕೆ ಕೈ ಹಾಕಿ ಚಪ್ಪಲಿಯ ಎರಡು ಹೋಳು ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನ ನಾಯಿ ಕಚ್ಚಿಲ್ಲಪ್ಪ, ಮಷೀನು ಕಡಿದಿದ್ದು," ಎಂದಳು. "ನಾನೂ ಟ್ಯೂಬ್ ಕಟ್ಟಿದ್ದೆ. ಚಾ ಕುಡಿಯಾಕೆ ಹೋಗಿದ್ದಕ್ಕೆ ನನ್ನ ಕಾಲು ಉಳ್ಕಂಡೈತೆ. ನಂಬಿಕೆ ಇಲ್ದಿದ್ರೆ ಹಿಂದಿಂದ ಎಲ್ರೂ ಸರೀರಿ, ಈ ಪ್ಲಗ್ಗು ಹಾಕಿ ನೋಡ್ರಿ."

ಮೇಷ್ಟ್ರು ಎಲ್ಲರನ್ನೂ ದೂರ ಸರಿಸಿದರು. ಕನಕರಾಜ ನಿಂತಿದ್ದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇಡಿಸಿ, ತಾವೇ ಪ್ಲಗ್ಗು ಹಾಕಿ ಸ್ವಿಚ್ಚು ಒತ್ತಿದರು. ಮಷೀನು ಹೂಂಕರಿಸಿ, ಆರಡಿ ಹಲಗೆಯ ಮೇಲೆ ಹಿಮ್ಮುಖವಾಗಿ ಓಡಿ ಬಂದು ಕುರ್ಚಿಯ ಬೆನ್ನಿಗೆ ಬಾಯಿ ಹಾಕಿತು. ಕುರ್ಚಿಯ ಚೂರು ಚೂರು ಹಾರಿತು. ಮೇಷ್ಟ್ರು ಸ್ವಿಚ್ಚು ಆರಿಸುವಷ್ಟರಲ್ಲಿ ಬೆನ್ನು ಅರ್ಧ ಇರಲಿಲ್ಲ. ಕನಕರಾಜ ತನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಆಮೇಲೆ ಯಾರಿಗೂ ಏನೂ ಹೇಳಿಕೊಡಬೇಕಾಗಲಿಲ್ಲ. ಮೊದಲು ಹೊಳಲ್ಕೆರೆಯವನು ಎದ್ದು ಬಂದ, ತನ್ನ ಮಷೀನಿಗೊಂದು ಕೈ ಮುಗಿದು ಅದರ ಟ್ಯೂಬಿನ ಗಂಟು ಬಿಚ್ಚಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತಿಬ್ಬರು. ಮೇಜಿನ ಉದ್ದಕ್ಕೂ ಗಂಡಸರು ಬಗ್ಗಿ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಗಂಟು ಬಿಚ್ಚುತ್ತಿದ್ದರು. ಮೂವತ್ತು ಮಷೀನಿನಲ್ಲಿ ಇಪ್ಪತ್ತಾರಕ್ಕೆ ಟ್ಯೂಬಿತ್ತು.

ಕನಕರಾಜ ಕಡೆಗೂ ಬಾಯಿ ಬಿಟ್ಟ. "ಮೇಷ್ಟ್ರೇ, ವೈರು ಕೀಳು ಅಂತ ತಂಗೀಗೆ ನಾನೇ ಹೇಳಿದ್ದೆ. ನನ್ನ ಮಷೀನು, ನನ್ನ ಮಾತು. ಬರ್ಕಳ್ರಿ."

ಅಪ್ಪಟ ಸುಳ್ಳು. ಅಲ್ಲಿದ್ದ ಅಷ್ಟೂ ಜನಕ್ಕೆ ಗೊತ್ತಿತ್ತು. ಮಷೀನಿನವನೇ ಅಪ್ಪಣೆ ಕೊಟ್ಟಿದ್ದೆ ಅಂದ ಮೇಲೆ ಕೇಳುವವರು ಯಾರು? ಮೇಷ್ಟ್ರು ಎಳೆದ ಗೀಟನ್ನು ರಬ್ಬರಿನಿಂದ ಅಳಿಸಿ, ಬಾರಮ್ಮ ನಿನ್ನ ಸರದಿ ಅಂದರು.

ಕಾವ್ಯಶ್ರೀ ತನ್ನ ಹಸಿರು ಮಷೀನು ಎತ್ತಿಕೊಂಡಳು. ಮೊದಲು ಒಳ್ಳೆಯದು ಹೇಳಿದಳು. ಬೇವಾಗಲಿ ತೇಗವಾಗಲಿ ಇದು ಮುನಿಸಿಕೊಳ್ಳುವುದಿಲ್ಲ, ತಿಂಗಳುಗಟ್ಟಲೆ ದುಡಿದರೂ ಬ್ಲೇಡು ಮೊಂಡಾಗುವುದಿಲ್ಲ ಎಂದಳು. ಆಮೇಲೆ ಕೆಟ್ಟದ್ದು. ಇದನ್ನು ಮಾಡಿದವರು ತನ್ನಂಥವರ ಕೈಯನ್ನು ಕಂಡವರಲ್ಲ, ಹಿಡಿ ದಪ್ಪ, ಸ್ವಿಚ್ಚು ಗಡಸು, ಅದಕ್ಕೇ ಜನ ಟ್ಯೂಬಿಗೆ ಕೈ ಹಾಕುತ್ತಾರೆ. ಕರೆಂಟು ಹೋಗಿ ಬರುವ ನಮ್ಮ ಸೀಮೆಯಲ್ಲಿ ಮಷೀನನ್ನು ಅಳೆಯಬೇಕಾದ್ದು ಅದು ಹೇಗೆ ಓಡುತ್ತದೆ ಅಂತಲ್ಲ, ಹೇಗೆ ನಿಲ್ಲುತ್ತದೆ ಅಂತ ಎಂದಳು. ದೂರು ಹೇಳಿದರೆ ಮುನಿಯುವುದು ಸಾಮಾನಲ್ಲ, ದೂರು ಮುಚ್ಚಿಟ್ಟರೆ ಹೋಗುವುದು ನಮ್ಮ ಕೈಕಾಲು ಎಂದು ಮುಗಿಸಿದಳು. ಮೇಷ್ಟ್ರಿಗೆ ಆಕಳಿಕೆ ಬರಲಿಲ್ಲ. ಪುಟ ತಿರುಗಿಸಿ ತಿರುಗಿಸಿ ಬರೆದರು.

ಬಹುಮಾನ ಯಾರಿಗೆ ಅನ್ನುವುದನ್ನು ಕೂಗಿ ಹೇಳುವ ಮೊದಲೇ ಜನ ಚಪ್ಪಾಳೆ ಶುರು ಮಾಡಿದ್ದರು, ಎಲ್ಲರಿಗಿಂತ ಜೋರು ಕನಕರಾಜನದೇ. ಕಾವ್ಯಶ್ರೀಗೆ ನಗುವೂ ಅಳುವೂ ಒಟ್ಟಿಗೇ ಬಂತು. ಆದರೆ ರಿಬ್ಬನ್ ಕತ್ತರಿಸಿದವಳೇ ಅವಳು ಮಾಡಿದ್ದು ಒಂದು ಪರೀಕ್ಷೆ. ಟೇಬಲ್ ಸಾ ಹಚ್ಚಿದಳು, ಅದು ತಿರುಗುತ್ತಿರುವಾಗಲೇ ಗೋಡೆಯ ಸ್ವಿಚ್ಚು ಆರಿಸಿ, ಬ್ಲೇಡು ಪೂರ್ತಿ ನಿಂತ ಮೇಲೆ ಮತ್ತೆ ಹಾಕಿದಳು. ಬ್ಲೇಡು ಅಲುಗಲಿಲ್ಲ. ಪಾಸು ಎಂದಳು. ಭವನ ಹಾರಿಹೋಗುವಂತೆ ಜನ ನಕ್ಕರು.

ಹಾಲಸ್ವಾಮಿ ಮಾತ್ರ ಚಪ್ಪಾಳೆಯನ್ನೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಟೇಬಲ್ ಸಾ ಹೇರಿದ ಟೆಂಪೋದಲ್ಲಿ ಮಗಳ ಪಕ್ಕ ಕೂತು, ಚಪ್ಪಲಿಯ ಹೋಳುಗಳನ್ನು ಒಂದಕ್ಕೊಂದು ಕೂಡಿಸಿ ನೋಡುತ್ತಿದ್ದ. ಒಂದು ಸಲ ಅವಳ ಎಡಗಾಲು ಹಿಡಿದು ನೋಡಿ ಬಿಟ್ಟ. ಮದಕರಿಪುರದ ತಿರುವಿನಲ್ಲಿ ಟೆಂಪೋ ನಿಲ್ಲಿಸಲು ಹೇಳಿ, ಮಂಡಿ ನೋವು ಲೆಕ್ಕಿಸದೆ ಇಳಿದು ಅಂಗಡಿಗೆ ಹೋದ. ಬಂದಾಗ ಕೈಯಲ್ಲಿ ಎರಡು ಪೊಟ್ಟಣ ಬಿಸ್ಕತ್ತಿತ್ತು.

"ನಿಂಗಲ್ಲ ಇದು," ಎಂದ. "ಯಲ್ಲಕ್ಕನ ನಾಯೀಗೆ."