ಎಂಟು ಪದರ ಬಣ್ಣ

ಶಾಲೆಯ ಕಿಟಕಿ ಈ ಸಲ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಬಡಗಿ ಉಳಿ ಹಿಡಿದು ಹಲ್ಲು ಕಡಿದ. ಹಳ್ಳಿಯ ಬದುಕು ಕಲಿಯಲೆಂದು ಹೊರದೇಶದಿಂದ ಬರುವ ಸ್ವಯಂಸೇವಕರಿಗೆ ಬಣ್ಣ ಬಳಿಯುವುದೊಂದೇ ಗೊತ್ತಿರುವ ಕೆಲಸ. ಹಳೆಯದನ್ನು ಕೆರೆಯುವ ಗೋಜಿಗೇ ಹೋಗದೆ ಮೇಲೆ ಮೇಲೆ ಬಳಿದು, ಒಣಗುವ ಮೊದಲೇ ಕಿಟಕಿ ಮುಚ್ಚಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಎಂಟು ತಂಡ ಬಂದು ಹೋಗಿ ಕಿಟಕಿಯ ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಂಡಿವೆ. ಒಳಗೆ ಮಕ್ಕಳು ಬೆವರಿ ಬೇಯುತ್ತಿದ್ದಾರೆ.

“ಬೇಡ ಅನ್ನೋಕೆ ನಿಮಗೆ ಬಾಯಿಲ್ವಾ ಟೀಚರಮ್ಮ?”

“ಅಷ್ಟು ದೂರದಿಂದ ಬಂದವರಿಗೆ ಹೇಗಪ್ಪಾ ಅನ್ನೋದು?”

ಅಷ್ಟರಲ್ಲಿ ಒಂಬತ್ತನೆಯ ತಂಡದ ಹುಡುಗಿ ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ನೋಟ್‌ಬುಕ್ ಹಿಡಿದು ಬಂದಳು. ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಟೀಚರಮ್ಮನ ಮುಖ ಸಪ್ಪಗಾಯಿತು.

“ಏನಂತೆ?” ಎಂದ ಬಡಗಿ.

“ಇಷ್ಟು ಸೆಕೆಯಲ್ಲೂ ಕಿಟಕಿ ಮುಚ್ಚಿಕೊಂಡೇ ಇರ್ತೀರಲ್ಲ, ಇದು ನಿಮ್ಮ ಸಂಪ್ರದಾಯವಾ ಅಂತ ಕೇಳ್ತಿದ್ದಾಳೆ. ಬರ್ಕೋಬೇಕಂತೆ.”

ಬಡಗಿ ಅವಳ ಕೈಯಿಂದ ಡಬ್ಬಿ ಕಿತ್ತು ಕೆಳಗಿಟ್ಟು, ಆ ಕೈಗೆ ಉಳಿ ತುರುಕಿದ.

“ಹೌದು ಅನ್ನಿ ಟೀಚರಮ್ಮ. ಬರ್ಕೊಳ್ಳೋ ಮೊದಲು ಒಂದ್ಸಲ ಕೆರೆದು ನೋಡೋಕೆ ಹೇಳಿ. ಸಂಪ್ರದಾಯ ಎಷ್ಟು ದಪ್ಪ ಇದೆ ಅಂತ ಅವಳಿಗೂ ಗೊತ್ತಾಗ್ಲಿ.”